ಜೇಬುಗಳ್ಳನ ಪುರಾಣ

ನನಗೆ ಓದುವ ಹುಚ್ಚು ಹಿಡಿಸಿದವನು ಒಬ್ಬ ಜೇಬುಗಳ್ಳ. ಅವನನ್ನು ನಾನು ಕಣ್ಣಾರೆ ಕಂಡಿಲ್ಲ. ಆದರೆ ಅವನ ಕಥೆಯನ್ನು ಒಂದು ತಿಂಗಳ ಕಾಲ ದಿನಾ ಸಂಜೆ ದೀಪ ಹಚ್ಚಿ, ಊದಿನಕಡ್ಡಿ ಬೆಳಗಿ, ನಮ್ಮ ಓಣಿಯ ಮಂದಿಗೆಲ್ಲ ರಾಗವಾಗಿ ಓದಿದ್ದೇನೆ. ಕೇಳಿದವರು ನಗುತ್ತಾರೆ, ನಗಲಿ. ಅದರಲ್ಲಿ ನನ್ನ ತಪ್ಪು ಎಷ್ಟು, ಬೇರೆಯವರದೆಷ್ಟು ಅನ್ನುವುದನ್ನು ಒಂದು ಸಲ ನೆಟ್ಟಗೆ ಹೇಳಿಬಿಡಬೇಕು ಅಂತ ಬಹಳ ದಿನದಿಂದ ಇತ್ತು.

ನನ್ನ ತವರು ಸಿರುಗುಪ್ಪದ ಕಡೆ. ಹತ್ತನೇ ತರಗತಿಯವರೆಗೆ ಕನ್ನಡ ಶಾಲೆಯಲ್ಲಿ ಓದಿದೆ. ಓದಿದೆ ಅನ್ನುವುದಕ್ಕಿಂತ ಗೈಡು ಉರು ಹೊಡೆದೆ ಅನ್ನಬೇಕು. ಪರೀಕ್ಷೆ ಮುಗಿದ ವಾರವೇ ಪುಸ್ತಕಗಳನ್ನೆಲ್ಲ ಗುಜರಿಯವನಿಗೆ ಹಾಕಿ ಒಂದು ಸ್ಟೀಲ್ ಡಬ್ಬಿ ತೆಗೆದುಕೊಂಡೆ. ಆ ಡಬ್ಬಿ ಈಗಲೂ ಇದೆ, ಸಾಸಿವೆ ಹಾಕಿಡುತ್ತೇನೆ. ಗಡಿಯಾಚೆ, ತೆಲುಗು ಸೀಮೆಯ ಹೊಳಗುಂದಕ್ಕೆ ಸೊಸೆಯಾಗಿ ಬಂದ ಮೇಲೆ ನಾನು ಓದಿದ್ದೆಂದರೆ ಬಸ್ಸಿನ ಬೋರ್ಡು, ಅದೂ ತೆಲುಗಿನಲ್ಲಿ, ಅಕ್ಷರಕ್ಕೆ ಅಕ್ಷರ ಕೂಡಿಸಿಕೊಂಡು. ಈ ಮನೆಯಲ್ಲಿ ಮಾತೆಲ್ಲ ಕನ್ನಡ, ಓದೆಲ್ಲ ತೆಲುಗು. ನಮ್ಮ ಮನೆಯವರು ಆದವಾನಿಯ ಹತ್ತಿ ಮಿಲ್ಲಿಗೆ ಕೆಲಸಕ್ಕೆ ಹೋಗುತ್ತಾರೆ. ಅವರಿಗೆ ಕನ್ನಡ ಓದಲು ಬಾರದು. ಅತ್ತೆಗೆ ಯಾವ ಓದೂ ಬಾರದು. ಕನ್ನಡ ಓದಬಲ್ಲವರು ಇಬ್ಬರೇ, ಮಾವ ಮತ್ತು ನಾನು.

ಮಾವ ವರ್ಷದಲ್ಲಿ ಹನ್ನೊಂದು ತಿಂಗಳು ಕುರಿ ಕಾಯುವ ಸಾದಾ ಮನುಷ್ಯ. ಶ್ರಾವಣ ಬಂತೆಂದರೆ ಮಾತ್ರ ಅವರಿಗೆ ಕೊಂಬು ಮೂಡುತ್ತಿತ್ತು. ನಮ್ಮ ಕಡೆ ಶ್ರಾವಣದಲ್ಲಿ ಪುರಾಣ ಹಚ್ಚುತ್ತಾರೆ. ಮೊದಲ ಸೋಮವಾರ ಅಯ್ಯನವರು ಬಂದು ಪುಸ್ತಕಕ್ಕೆ ಪೂಜೆ ಮಾಡಿ ಕಾಯಿ ಒಡೆದರೆ, ಅಂದಿನಿಂದ ಅಮಾವಾಸ್ಯೆಯವರೆಗೆ ದಿನಾ ಸಂಜೆ ಅದರಲ್ಲಿ ಇಷ್ಟಿಷ್ಟು ಓದಿ, ಅರ್ಥ ಹೇಳಿ, ಕಡೆಯ ದಿನ ಮಂಗಳ ಮಾಡಿ ಮುಗಿಸಬೇಕು. ಅಜ್ಜನ ಕಾಲದಿಂದ ಅದು ನಡೆಯುವುದು ನಮ್ಮ ಮನೆಯ ಕಟ್ಟೆಯ ಮೇಲೆ. ಓದುವವರೂ ಮಾವ, ಅರ್ಥ ಹೇಳುವವರೂ ಮಾವ. ಸುಳ್ಳು ಹೇಳಬಾರದು, ಕೋಪ ಮಾಡಬಾರದು ಎಂದು ಗಂಟೆಗಟ್ಟಲೆ ಹೇಳಿ ಒಳಗೆ ಬಂದು, ಸಾರಿಗೆ ಉಪ್ಪು ಕಮ್ಮಿ ಎಂದು ತಟ್ಟೆ ಸರಿಸುತ್ತಿದ್ದರು. ಪುರಾಣ ಹೇಳೋದಕ್ಕ, ಬದನೆಕಾಯಿ ತಿನ್ನೋದಕ್ಕ ಎಂದು ಅತ್ತೆ ಒಲೆಯ ಮುಂದೆ ಗೊಣಗುತ್ತಿದ್ದರು.

ನಮ್ಮ ಮನೆಗೆ ಅಂಟಿಕೊಂಡು ಇನ್ನೊಂದು ಮನೆ, ನಡುವೆ ಒಂದೇ ಗೋಡೆ. ಅಲ್ಲಿ ಮಾವನ ಒಡಹುಟ್ಟಿದ ತಮ್ಮ ಇದ್ದಾರೆ, ನನಗೆ ಸಣ್ಣಮಾವ. ಅಣ್ಣತಮ್ಮಂದಿರಿಗೆ ಮೂವತ್ತು ವರ್ಷದಿಂದ ಮಾತಿರಲಿಲ್ಲ. ಕಾರಣ ಒಂದು ಟಗರು. ಇವರ ತಂದೆ ಬದುಕಿದ್ದಾಗ ಮನೆಯಲ್ಲಿ ಒಂದು ಬೀಜದ ಟಗರಿತ್ತಂತೆ, ಸುತ್ತ ಹತ್ತು ಊರಲ್ಲಿ ಹೆಸರಾದದ್ದು. ಒಂದು ಬೆಳಿಗ್ಗೆ ನೋಡಿದರೆ ಗೂಟ ಇದೆ, ಟಗರಿಲ್ಲ. ಆ ರಾತ್ರಿ ಮನೆಯಲ್ಲಿ ಇಲ್ಲದಿದ್ದವರು ಸಣ್ಣಮಾವ ಒಬ್ಬರೇ ಎಂದು ಎಲ್ಲರ ಲೆಕ್ಕ. ಆದವಾನಿಗೆ ಸಿನಿಮಾಕ್ಕೆ ಹೋಗಿದ್ದೆ ಎಂದು ಎಷ್ಟು ಆಣೆ ಮಾಡಿದರೂ ಯಾರೂ ನಂಬಲಿಲ್ಲ. ತಂದೆ ಮನೆಯ ನಡುವೆ ಗೋಡೆ ಎಬ್ಬಿಸಿದರು, ಸಾಯುವವರೆಗೂ ಕಿರಿ ಮಗನ ಕೈಯ ನೀರು ಕುಡಿಯಲಿಲ್ಲ. ಓಣಿಯಲ್ಲಿ ಆ ಮನೆಗೆ ಇವತ್ತಿಗೂ ಹೆಸರು 'ಟಗರು ಕದ್ದವರ ಮನಿ'. ಸಣ್ಣಮಾವನಿಗೆ ಒಬ್ಬಳೇ ಮಗಳು. ಅವಳನ್ನು ನೋಡಲು ಬಂದ ಗಂಡಿನ ಕಡೆಯವರು ಓಣಿಯ ತುದಿಯಲ್ಲಿ ಮನೆ ಯಾವುದೆಂದು ಕೇಳಿ, ಬಂದ ಉತ್ತರ ಕೇಳಿ, ಎರಡು ಸಲ ಅಲ್ಲಿಂದಲೇ ಹಿಂದಿರುಗಿದ್ದರು. ನನಗೆ ಅದನ್ನು ನೋಡಿ ಮೈಯೆಲ್ಲ ಉರಿಯುತ್ತಿತ್ತು. ಒಂದು ಟಗರಿಗೆ ಎಷ್ಟು ತಲೆಮಾರು ಶಿಕ್ಷೆ ಅಂತ ಒಂದು ಸಲ ಕೇಳಿಯೂ ಬಿಟ್ಟೆ. ಮಾವ ತಟ್ಟೆಯಿಂದ ತಲೆ ಎತ್ತಲಿಲ್ಲ.

ಆ ವರ್ಷ ಶ್ರಾವಣಕ್ಕೆ ಹತ್ತು ದಿನ ಇರುವಾಗ ಮಾವನ ಒಂದು ಕಣ್ಣಿನ ಪೊರೆ ತೆಗೆಸಿದೆವು. ಇನ್ನೊಂದು ಕಣ್ಣಿಗೂ ಪೊರೆ ಬಂದಿತ್ತು. ತಿಂಗಳೊಪ್ಪತ್ತು ಕರಿ ಕನ್ನಡಕ ತೆಗೆಯಬಾರದು, ಓದಲೇಬಾರದು ಎಂದು ಡಾಕ್ಟರು ಹೇಳಿದರು. ಇತ್ತ ಪುರಾಣದ ಪುಸ್ತಕಕ್ಕೆ ಗೆದ್ದಲು ಹತ್ತಿತ್ತು. ನಮ್ಮ ಮನೆಯವರು ಅದನ್ನು ಆದವಾನಿಗೆ ಒಯ್ದು, ಕೆಂಪು ಬಟ್ಟೆಯ ಗಟ್ಟಿ ಬೈಂಡು ಹಾಕಿಸಿಕೊಂಡು ಬಂದರು. ಅತ್ತೆ ಎರಡೂ ಕೈಯಲ್ಲಿ ಅದನ್ನು ಇಸಿದುಕೊಂಡು, ಕಣ್ಣಿಗೊತ್ತಿಕೊಂಡು, ವಸ್ತ್ರದಲ್ಲಿ ಸುತ್ತಿ ದೇವರ ಜಗಲಿಯ ಮೇಲೆ ಇಟ್ಟರು. ಒಳಗೇನಿದೆ ಎಂದು ಯಾರೂ ನೋಡಲಿಲ್ಲ. ಪೂಜೆಗೆ ಮೊದಲು ಪುರಾಣ ಬಿಚ್ಚಬಾರದು ಎಂಬುದು ಮನೆಯ ಕಟ್ಟಳೆ.

ಸೋಮವಾರ ಸಂಜೆ ಕಟ್ಟೆ ತುಂಬ ಮಂದಿ. ಅಯ್ಯನವರು ಪೂಜೆ ಮಾಡಿದರು, ಕಾಯಿ ಒಡೆದರು. ಓದುವ ಕೆಲಸ ನನ್ನ ಕೊರಳಿಗೆ ಬಿದ್ದಿತ್ತು. ನಾನು ಬೆಳಿಗ್ಗೆಯಿಂದ ಸಿಡಿಮಿಡಿ ಮಾಡುತ್ತಿದ್ದೆ, ಯಾರೂ ಗಣನೆಗೆ ತಂದಿರಲಿಲ್ಲ. ಪಕ್ಕದಲ್ಲಿ ಕರಿ ಕನ್ನಡಕ ಹಾಕಿಕೊಂಡು ಮಾವ ಅರ್ಥ ಹೇಳಲು ಸಿದ್ಧರಾಗಿ ಕುಳಿತಿದ್ದರು. ವಸ್ತ್ರ ಬಿಚ್ಚಿ, ಮೊದಲ ಪುಟ ತೆಗೆದು, ಪುರಾಣದ ರಾಗದಲ್ಲಿ ಓದಿದೆ:

"ನಾನು ಮೊಟ್ಟಮೊದಲು ಕತ್ತರಿಸಿದ ಜೇಬು ನನ್ನ ಸೋದರಮಾವನದು."

ರಾಗದ ಕಡೆ ಗಮನವಿದ್ದದ್ದರಿಂದ ಓದಿದ್ದೇನೆಂದು ನನಗೇ ತಕ್ಷಣ ತಿಳಿಯಲಿಲ್ಲ. ತಿಳಿಯುವಷ್ಟರಲ್ಲಿ ಮಾವ ಶುರು ಮಾಡಿದ್ದರು. "ಅಂದ್ರ ಏನು? ಜೇಬು ಅಂದ್ರ ಈ ಶರೀರ. ಅದರಾಗ ಆಶಾ ಅನ್ನೋ ರೊಕ್ಕ ತುಂಬೈತಿ. ಅದನ್ನ ಕತ್ತರಿಸಾಕ ಜ್ಞಾನ ಅನ್ನೋ ಕತ್ತರಿ ಬೇಕು." ಮಂದಿ ತಲೆದೂಗಿದರು. ನಾನು ಮುಂದಿನ ಸಾಲು ಮನಸ್ಸಿನಲ್ಲೇ ಓದಿದೆ. ಅಲ್ಲಿ ಬ್ಲೇಡನ್ನು ಎರಡು ಬೆರಳ ಸಂದಿಯಲ್ಲಿ ಹಿಡಿಯುವುದು ಹೇಗೆ ಎಂದು ಬರೆದಿತ್ತು. ಪುಸ್ತಕ ಮುಚ್ಚಿ ಅಯ್ಯನವರ ಕಿವಿಯಲ್ಲಿ ಹೇಳಿದೆ. "ಇದು ಪುರಾಣ ಅಲ್ಲರಿ ಅಯ್ಯನೋರ. ಯಾರೋ ಜೇಬುಗಳ್ಳ ತನ್ನ ಕಥಿ ಬರದಾನ."

ಅಯ್ಯನವರು ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಯೋಚಿಸಿದರು. "ಕಾಯಿ ಒಡದೈತಿ. ದೀಪ ಹಚ್ಚೈತಿ. ಹಚ್ಚಿದ ಪುರಾಣ ನಡುವ ಬಿಟ್ರ ಓಣಿಗೆ ಒಳ್ಳೇದಲ್ಲ. ಪೂಜಿ ಆಗೂಕಿಂತ ಮೊದಲ ಅದು ಏನರ ಇರವಲ್ಲದ್ಯಾಕ ತಂಗಿ, ಈಗ ಅದು ಪುರಾಣ. ಮಂಗಳ ಮಾಡೇ ಎಬ್ಬಿಸಬೇಕು."

ಬೈಂಡು ಹಾಕಿದವನಿಗೆ ಫೋನು ಮಾಡಿದರೆ ಅವನು ಅಡ್ಡಗೋಡೆಯ ಮೇಲೆ ದೀಪ ಇಟ್ಟ. ಮಂತ್ರಾಲಯದ ಒಂದು ಲಾಡ್ಜಿನವರೂ, ಯಾತ್ರಿಗಳು ಬಿಟ್ಟುಹೋದ ಪುಸ್ತಕಗಳನ್ನು ಬೈಂಡಿಗೆಂದು ಅವನಿಗೇ ಕೊಟ್ಟಿದ್ದರಂತೆ. "ರೆಂಡೂ ಎರುಪೇ ಕದಕ್ಕಾ" ಅಂದ, ಎರಡೂ ಕೆಂಪೇ ಅಲ್ಲವೇ ಎಂದು. ನಮ್ಮ ಪುರಾಣ ಲಾಡ್ಜಿನಲ್ಲೋ, ಅಲ್ಲಿಂದ ಇನ್ನಾವ ಯಾತ್ರಿಯ ಚೀಲದಲ್ಲೋ. ಅದು ಸಿಕ್ಕರೂ ಪ್ರಯೋಜನವಿರಲಿಲ್ಲ. ಒಂದು ಮುಗಿಯದೆ ಇನ್ನೊಂದು ಹಚ್ಚುವಂತಿಲ್ಲ.

ಹೀಗೆ ನಮ್ಮ ಓಣಿಯಲ್ಲಿ ಜೇಬುಗಳ್ಳನ ಪುರಾಣ ಶುರುವಾಯಿತು. ಪ್ರತಿ ಅಧ್ಯಾಯ ಮುಗಿದಾಗ ಹರಹರ ಮಹಾದೇವ ಅನ್ನುವುದು ಪದ್ಧತಿ. ಅವನು ಗುಂತಕಲ್ಲಿನಲ್ಲಿ ಒಬ್ಬ ಮುದುಕನ ಚೀಲ ಎಗರಿಸಿದ, ಹರಹರ ಮಹಾದೇವ. ರೈಲಿನಿಂದ ಹಾರಿ ಕಾಲು ಮುರಿದುಕೊಂಡ, ಹರಹರ ಮಹಾದೇವ. ಪುರಾಣಪುರುಷ ಹುಟ್ಟುವ ಭಾಗ ಬಂದಾಗ ತೊಟ್ಟಿಲು ಕಟ್ಟಿ ಜೋಗುಳ ಹಾಡಬೇಕು. ಮೂರನೇ ದಿನ ಕಳ್ಳ ತಾನು ಹುಟ್ಟಿದ ಸಂಗತಿ ಹೇಳಿದ್ದೇ ಹೆಂಗಸರು ಸೀರೆಯ ತೊಟ್ಟಿಲು ಕಟ್ಟಿ, ಕೊಬ್ಬರಿ ಬಟ್ಟಲು ಮಲಗಿಸಿ ತೂಗಿದರು. ಅವನ ಮದುವೆಯ ದಿನ ಅಕ್ಷತೆ ಹಾಕಿ ಹುಗ್ಗಿ ಮಾಡಿದೆವು. ಆರು ತಿಂಗಳು ಜೈಲಾದ ದಿನ ಏನು ಮಾಡಬೇಕೆಂದು ಯಾರಿಗೂ ತೋಚಲಿಲ್ಲ. ಅಯ್ಯನವರಿಗೂ ಪೂರ್ವಪದ್ಧತಿ ನೆನಪಾಗಲಿಲ್ಲ. ಕಡೆಗೆ ಎದುರು ಮನೆಯ ಮುದುಕಿ, ಜೈಲಿನಾಗ ಊಟ ಸರಿ ಇರಂಗಿಲ್ಲ ಎಂದು ರೊಟ್ಟಿಬುತ್ತಿ ಕಟ್ಟಿಕೊಂಡು ಬಂದು ಪುಸ್ತಕದ ಮುಂದೆ ಇಟ್ಟಳು. ಮರುದಿನದಿಂದ ಅವನು ಬಿಡುಗಡೆಯಾಗುವವರೆಗೆ ದಿನಕ್ಕೊಬ್ಬರು ಬುತ್ತಿ ತಂದರು. ಅದನ್ನು ಅಯ್ಯನವರು ಮನೆಗೆ ಒಯ್ಯುತ್ತಿದ್ದರು.

ನಾನು ಮೊದಲ ವಾರ ಹಲ್ಲು ಕಚ್ಚಿಕೊಂಡು ಓದಿದೆ. ಎರಡನೇ ವಾರ ಒಂದು ಮಧ್ಯಾಹ್ನ ರೊಟ್ಟಿ ಬಡಿಯುತ್ತ ಇದ್ದಕ್ಕಿದ್ದ ಹಾಗೆ, ಆ ರೈಲ್ವೆ ಪೊಲೀಸನಿಗೆ ಇವನು ಸಿಕ್ಕಿಬೀಳುತ್ತಾನೋ ಇಲ್ಲವೋ ಎಂಬ ಯೋಚನೆ ಹತ್ತಿತು. ಸಂಜೆಯವರೆಗೆ ತಡೆಯಲಾಗಲಿಲ್ಲ. ಅತ್ತೆ ಅಡ್ಡಾದ ಹೊತ್ತು ನೋಡಿ, ಕೈಕಾಲು ತೊಳೆದುಕೊಂಡು, ಜಗಲಿಯಿಂದ ಪುಸ್ತಕ ಇಳಿಸಿ ಅಡುಗೆಮನೆಯ ಬಾಗಿಲ ಹಿಂದೆ ಕುಳಿತು ಓದಿದೆ. ಹಂಚಿನ ಮೇಲಿನ ರೊಟ್ಟಿ ಕರಕಾಯಿತು. ದಿನಾ ಒಂದು ರೊಟ್ಟಿ ಕರಕಾಗತೊಡಗಿತು. ನಾನು ಅಷ್ಟು ಸುಖ ಬೇರೆ ಯಾವುದರಲ್ಲೂ ಪಟ್ಟಿರಲಿಲ್ಲ. ಶಾಲೆಯ ಪುಸ್ತಕಗಳಲ್ಲಿದ್ದವರೆಲ್ಲ ಹುಟ್ಟಿದಂದಿನಿಂದ ಒಳ್ಳೆಯವರು. ಅವರ ಜೊತೆ ನನಗೇನು ಕೆಲಸ? ಈ ಮನುಷ್ಯ ಮಾತ್ರ, ನಾನು ಹೀಗೆ ಮಾಡಿದೆ, ಅದು ತಪ್ಪು, ನಾಚಿಕೆಯಾಗುತ್ತದೆ ಎಂದು ಕಾಣದ ಊರಿನ ಕಾಣದ ಹೆಂಗಸಿಗೆ, ಅಂದರೆ ನನಗೆ, ಬಾಯಿಬಿಟ್ಟು ಹೇಳುತ್ತಿದ್ದ. ಹಾಗೆ ನನಗೆ ನಮ್ಮ ಮನೆಯಲ್ಲಿ ಯಾರೂ ಏನನ್ನೂ ಹೇಳಿರಲಿಲ್ಲ.

ಸಣ್ಣಮಾವನೂ ಕೇಳುತ್ತಿದ್ದರು. ನಮ್ಮ ಕಟ್ಟೆಗೆ ಬರುವಂತಿರಲಿಲ್ಲ. ತಮ್ಮ ಮಾಳಿಗೆ ಹತ್ತಿ, ನಮ್ಮ ಕಡೆ ಬೆನ್ನು ಮಾಡಿ ಕುಳಿತು ಹಗ್ಗ ಹೊಸೆಯುತ್ತಿದ್ದರು. ಒಂದು ತಿಂಗಳಲ್ಲಿ ಹೊಸೆದ ಹಗ್ಗದಲ್ಲಿ ಊರ ದನವನ್ನೆಲ್ಲ ಕಟ್ಟಬಹುದಿತ್ತು.

ಮೂರನೇ ವಾರ ಕಥೆ ತಿರುಗಿತು. ಕಳ್ಳ ಕದ್ದ ಚೀಲವೊಂದು ಅವನ ಜೊತೆಗಿದ್ದ ಚಹಾ ಮಾರುವವನ ಹಾಸಿಗೆಯಡಿ ಸಿಕ್ಕು, ಪೊಲೀಸರು ಆ ಬಡಪಾಯಿಯನ್ನು ಬಡಿದರು. ಅವನ ಹೆಸರು ಕೆಟ್ಟಿತು, ಕೆಲಸ ಹೋಯಿತು. ಕದ್ದವನು ನೋಡುತ್ತ ನಿಂತ. ನಾನು ಓದಿ ನಿಲ್ಲಿಸಿದೆ. ಮಾವ ಅರ್ಥ ಹೇಳಲಿಲ್ಲ. "ಗಂಟಲು ಕಟ್ಟೇತಿ, ಮುಂದ ಓದು" ಅಂದರು. ಮರುದಿನವೂ ಗಂಟಲು ಕಟ್ಟಿತ್ತು. ಕಣ್ಣು ನೋಯುತ್ತಿದೆಯೇನೋ ಎಂದು ಅತ್ತೆ ಔಷಧದ ಹನಿ ಎರಡು ಹೆಚ್ಚು ಹಾಕಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಇರುತ್ತಾರೆ, ಆದರೆ ಹೆಗಲು ಮುಟ್ಟಿಕೊಂಡವರು ನಮ್ಮ ಮಾವ ಎಂದು ನನಗೆ ಹೇಗೆ ಹೊಳೆಯಬೇಕು? ನಾನು ನನ್ನ ಕಳ್ಳನಲ್ಲಿ ಮುಳುಗಿದ್ದೆ.

ಅಮಾವಾಸ್ಯೆಗೆ ಮೂರು ದಿನವಿದ್ದಾಗ, ಬಾಗಿಲ ಹಿಂದೆ ಕುಳಿತು ಕಡೆಯ ಭಾಗಕ್ಕೆ ಬಂದೆ. ವರ್ಷಗಳಾದ ಮೇಲೆ ಕಳ್ಳ ಆ ಚಹಾದವನ ಮನೆ ಹುಡುಕಿಕೊಂಡು ಹೋಗುತ್ತಾನೆ. 'ಅವನ ಬಾಗಿಲ ಮುಂದೆ ನಿಂತೆ. ಚಿಲಕದ ಮೇಲೆ ಕೈ ಇಟ್ಟೆ' ಎಂದು ಪುಟ ಮುಗಿಯಿತು. ಹಾಳೆ ತಿರುಗಿಸಿದೆ. 'ಹತ್ತಿ ಬೆಳೆಯಲ್ಲಿ ಗುಲಾಬಿ ಕಾಯಿಕೊರಕದ ಹತೋಟಿ' ಎಂದಿತ್ತು. ಅಲ್ಲಿಂದ ಕಡೆಯ ಹಾಳೆಯವರೆಗೂ ಹುಳುವೇ. ಬೈಂಡು ಹಾಕಿದವನು ಮಂತ್ರಾಲಯದ ಕಳ್ಳನಿಗೆ ಯಾರದೋ ಹೊಲದ ಬಾಲ ಹೊಲಿದಿದ್ದ.

ಅವನನ್ನು ನಾನು ಬೈದ ಬೈಗುಳ ಇಲ್ಲಿ ಬರೆಯಲಾಗದು. ಮೂರು ದಿನ ನನಗೆ ಅನ್ನ ಸೇರಲಿಲ್ಲ. ಚಿಲಕದ ಮೇಲೆ ಕೈಯಿಟ್ಟ ಮನುಷ್ಯನನ್ನು ಹಾಗೇ ನಿಲ್ಲಿಸಿ ಮಂಗಳಾರತಿ ಮಾಡುವುದು ಹೇಗೆ? ಅಯ್ಯನವರಿಗೆ ಹೇಳಿದರೆ ಅವರು ಕಾಯಿಕೊರಕವನ್ನೂ ಪುರಾಣವೇ ಅನ್ನುತ್ತಿದ್ದರು, ನನಗೆ ಗೊತ್ತಿತ್ತು. ನಾನು ಯಾರಿಗೂ ಹೇಳಲಿಲ್ಲ.

ಕಡೆಯ ಸಂಜೆ ಓಣಿಯೆಲ್ಲ ಸೇರಿತ್ತು. ಒಳಗೆ ಬದನೆಕಾಯಿ ಎಣ್ಣೆಗಾಯಿ ಕುದಿಯುತ್ತಿತ್ತು. ಚಿಲಕದವರೆಗೆ ಓದಿದೆ. ಆಮೇಲೆ ಕಣ್ಣು ಪುಸ್ತಕದ ಮೇಲೇ ಇಟ್ಟು, ಅದೇ ರಾಗದಲ್ಲಿ, ಅಲ್ಲಿ ಇಲ್ಲದ್ದನ್ನು ಓದುತ್ತ ಹೋದೆ. ಅವನು ಚಿಲಕ ಬಡಿದ. ಬಾಗಿಲು ತೆರೆಯಿತು. ಚಹಾದವನ ತಲೆ ಬೆಳ್ಳಗಾಗಿತ್ತು. ಕದ್ದವನು ನೀನಲ್ಲ, ನಾನು, ಅಷ್ಟು ದಿನ ಸುಮ್ಮನಿದ್ದೆ ಅಂದ. ಈ ಮಾತನ್ನು ನಿನಗೊಬ್ಬನಿಗೇ ಹೇಳಿದರೆ ಸಾಲದು, ನಿನ್ನ ಹೆಸರು ಕೆಟ್ಟದ್ದು ಹತ್ತು ಮಂದಿಯ ಮುಂದೆ ಎಂದು ಬೀದಿಗೆ ಬಂದು ನಿಂತು ಕೂಗಿ ಹೇಳಿದ. ಹೇಳುತ್ತ ಹೇಳುತ್ತ ನನಗೇ ಅಳು ಬಂತು. ಇಲ್ಲಿಗೆ ಮುಗಿಯಿತು ಎಂದು ಪುಸ್ತಕ ಮುಚ್ಚಿದೆ.

"ಅರ್ಥ ಹೇಳ್ರಿ ಯಜಮಾನ್ರ, ಮಂಗಳ ಮಾಡೋಣು" ಎಂದರು ಅಯ್ಯನವರು.

ಮಾವ ಎದ್ದು ನಿಂತರು. ಕರಿ ಕನ್ನಡಕ ತೆಗೆದರು. ಅತ್ತೆ ಒಳಗಿನಿಂದ, ಡಾಕ್ಟರು ಬ್ಯಾಡ ಅಂದಾರ ಎಂದದ್ದು ಅವರಿಗೆ ಕೇಳಿಸಲಿಲ್ಲ. ಪಕ್ಕದ ಮಾಳಿಗೆಯ ಕಡೆ ತಿರುಗಿ, ಇಡೀ ಓಣಿಗೆ ಕೇಳುವ ಹಾಗೆ ಹೇಳಿದರು. "ಇದಕ್ಕ ಬ್ಯಾರೆ ಅರ್ಥ ಇಲ್ರಿ. ಟಗರು ನನ್ನ ತಮ್ಮ ಕದ್ದಿಲ್ಲ. ಎಲ್ಲಾರೂ ಮಲಗಿದ ಮ್ಯಾಲ ನಾ ಅದನ್ನ ಅಪ್ಪಗ ಹೇಳದಂಗ ಟಗರಿನ ಕಾಳಗಕ್ಕ ಒಯ್ದಿದ್ದೆ. ಕುತ್ತಿಗಿ ಮುರಕೊಂಡು ಸತ್ತುಹೋತು. ಬೆಳಕಾಗೂದ್ರಾಗ ನಾನ ಹುಗದು ಬಂದು ಮಲಗಿದೆ. ಬೆಳಗ್ಗೆ ಎಲ್ಲಾರೂ ಇವನ ಕಡೆ ನೋಡಿದ್ರು. ನಾನೂ ನೋಡಿದೆ."

"ಹರಹರ ಮಹಾದೇವ" ಎಂದರು ಮಂದಿ. ತಿಂಗಳಿಡೀ ಹೇಳಿ ಹೇಳಿ ರೂಢಿಯಾಗಿತ್ತು. ಹೇಳಿದ ಮೇಲೆ ಏನು ಕೇಳಿದೆವು ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಮಾಳಿಗೆಯ ಮೇಲೆ ಸಣ್ಣಮಾವ ಮೊದಲ ಸಲ ನಮ್ಮ ಕಡೆ ಮುಖ ಮಾಡಿದರು. ಬೈಯುತ್ತಾರೆ, ಇಲ್ಲವೇ ಅಳುತ್ತಾರೆ ಅಂದುಕೊಂಡೆ. ಅವರು ಕೇಳಿದ್ದು ಒಂದೇ ಮಾತು. "ಎಲ್ಲಿ ಹುಗದಿ?"

"ಹಳ್ಳದ ದಂಡಿಗೆ. ಬನ್ನಿಗಿಡದ ಬಲ್ಲಿ."

ಮರುದಿನ ಬೆಳಿಗ್ಗೆ ಅಣ್ಣ ಕರಿ ಕನ್ನಡಕದಲ್ಲಿ, ತಮ್ಮ ಸಲಿಕೆ ಹೊತ್ತುಕೊಂಡು ಹಳ್ಳಕ್ಕೆ ಹೊರಟರು. ಹಿಂದೆ ಓಣಿಯೆಲ್ಲ ಹೊರಟಿತು. ಮೊದಲ ಗುಂಡಿಯಲ್ಲಿ ಏನೂ ಇರಲಿಲ್ಲ. ಇಲ್ಲಿ ಅಲ್ಲ, ಆ ಕಡಿ, ಎಂದರು ಮಾವ. ಅಲ್ಲೂ ಇರಲಿಲ್ಲ. ಅಲ್ಲಿ ಬರೇ ಕಲ್ಲ ಐತಿ, ಅಲ್ಲಿ ಯಾರು ಹುಗೀತಾರ, ಎಂದರು ಸಣ್ಣಮಾವ. "ಹುಗದಾವ ನೀನೋ ನಾನೋ?" ಎಂದು ಮಾವ ರೇಗಿದರು. ಮೂವತ್ತು ವರ್ಷದ ಮೇಲೆ ಅಣ್ಣತಮ್ಮಂದಿರು ನೆಟ್ಟಗೆ ಜಗಳವಾಡಿದ್ದು ಅದೇ. ಐದನೇ ಗುಂಡಿಯಲ್ಲಿ ಗೇಣುದ್ದದ ಒಂದು ಕೊಂಬಿನ ಚೂರು ಸಿಕ್ಕಿತು. ಎತ್ತಿನದು ಎಂದು ನಾಲ್ಕು ಮಂದಿ, ಟಗರಿನದು ಎಂದು ನಾಲ್ಕು ಮಂದಿ ವಾದಕ್ಕೆ ನಿಂತರು. ಅಯ್ಯನವರು ಅದರ ಮೇಲೆ ನೀರು ಚಿಮುಕಿಸಿ, ಈಗ ಅದು ಟಗರಿಂದು, ಎಂದು ತೀರ್ಮಾನ ಕೊಟ್ಟರು.

ಸಣ್ಣಮಾವ ಆ ಚೂರನ್ನು ತೊಳೆದು, ತಾವೇ ಹೊಸೆದ ಹಗ್ಗದಲ್ಲಿ ಕಟ್ಟಿ ತಲೆಬಾಗಿಲಿಗೆ ತೂಗುಹಾಕಿದರು. ಮುಂದಿನ ವರ್ಷ ಮಗಳನ್ನು ನೋಡಲು ಬಂದವರಿಗೆ ಕುಡಿಯಲು ನೀರು ಕೊಡುವ ಮೊದಲೇ ಕೊಂಬು ತೋರಿಸಿ ಕಥೆ ಹೇಳಿದರು. ಅವರು ಗಾಬರಿಯಾದರೂ ಒಪ್ಪಿದರು. ಮದುವೆಯಲ್ಲಿ ಅಕ್ಷತೆ ಹಾಕುವಾಗ ನನಗೆ ಕಳ್ಳನ ಮದುವೆ ನೆನಪಾಗಿ ನಗು ತಡೆಯಲಾಗಲಿಲ್ಲ.

ನಮ್ಮ ಅಸಲಿ ಪುರಾಣ ಆ ವರ್ಷದ ದೀಪಾವಳಿಯ ಹೊತ್ತಿಗೇ ಲಾಡ್ಜಿನಿಂದ ಮನೆಗೆ ಬಂದಿತ್ತು. ಆದರೆ ನನಗೆ ಹತ್ತಿದ ಹುಚ್ಚು ಬಿಡಲಿಲ್ಲ. ಕುಡಿತ ಬಿಟ್ಟವರು, ಜೂಜು ಬಿಟ್ಟವರು, ಹೆಂಡತಿಯನ್ನು ಹೊಡೆಯುವುದು ಬಿಟ್ಟವರು, ಹೀಗೆ ಸುಧಾರಿಸಿದವರ ಕಥೆ ಎಲ್ಲಿ ಸಿಕ್ಕರೂ ತರಿಸಿಕೊಂಡು ಓದಿದೆ. ಬಹಳಷ್ಟು ಮಂದಿ ತುಂಬ ಬೇಗ ಸುಧಾರಿಸುತ್ತಾರೆ, ನನಗೆ ಅದು ಸೇರುವುದಿಲ್ಲ. ಆಮೇಲೆ ಬೇರೆ ಪುಸ್ತಕಗಳಿಗೂ ಕೈಹಾಕಿದೆ. ಸಾಸಿವೆ ಡಬ್ಬಿ ನೋಡಿದಾಗಲೆಲ್ಲ ಈಗ ಹೊಟ್ಟೆ ಉರಿಯುತ್ತದೆ.

ಹೋದ ವರ್ಷ ಮಂತ್ರಾಲಯಕ್ಕೆ ಹೋದಾಗ ಒಂದು ಅಂಗಡಿಯಲ್ಲಿ ನನ್ನ ಕಳ್ಳ ಸಿಕ್ಕಿದ, ಪೂರ್ತಿಯಾಗಿ. ಅಲ್ಲೇ ಮೆಟ್ಟಿಲ ಮೇಲೆ ಕುಳಿತು ಕಡೆಯ ಹಾಳೆಗಳನ್ನು ತೆಗೆದೆ. ಚಿಲಕದ ಮೇಲೆ ಕೈ ಇಟ್ಟವನು, ಹಳೆಯದನ್ನು ಕೆದಕಬಾರದು ಎಂದುಕೊಂಡು ಕೈ ತೆಗೆದು ಹಿಂದಿರುಗುತ್ತಾನೆ. ಉಳಿದ ಆರು ಪುಟ ಅವನು ಹಾಕಿದ ಟೇಲರ್ ಅಂಗಡಿಯ ವರ್ಣನೆ. ನನಗೆ ಬಂದ ಸಿಟ್ಟಿಗೆ ಅದನ್ನು ತುಂಗಭದ್ರೆಗೆ ಎಸೆಯುತ್ತಿದ್ದೆ, ಪುಸ್ತಕ ಅಂತ ತಡೆದುಕೊಂಡು, ದುಡ್ಡು ಕೊಟ್ಟು ಚೀಲಕ್ಕೆ ಹಾಕಿಕೊಂಡೆ.

ಮನೆಗೆ ಬಂದು ಮಾವನ ಮುಂದೆ ಕುಳಿತೆ. ಇನ್ನು ಮುಚ್ಚಿಡಲು ಮನಸ್ಸಾಗಲಿಲ್ಲ. "ಮಾವಾರ, ಅವತ್ತ ನಾ ಓದಿದ್ದು ಪುಸ್ತಕದಾಗ ಇರಲಿಲ್ಲರಿ. ನಾನ ಕಟ್ಟಿ ಹೇಳಿದ್ದೆ" ಎಂದೆ.

"ಗೊತ್ತೈತಿ" ಅಂದರು ಮಾವ. "ಅವತ್ತ ನನಗ ಕಣ್ಣು ಕಾಣತಿರಲಿಲ್ಲ, ಕಿವಿ ಕೇಳತಿದ್ವು. ಅಷ್ಟು ಹೊತ್ತು ಓದಿದಿ, ಒಮ್ಮೆರ ಹಾಳಿ ತಿರುವಿದ ಸಪ್ಪಳ ಬರಲಿಲ್ಲ."

"ಗೊತ್ತಿದ್ದೂ ಯಾಕ ಎದ್ರಿ ಮತ್ತ?"

ಅವರು ನಡುಗೋಡೆಯ ಕಡೆ ತಿರುಗಿದರು. ಆ ಕಡೆ ಸಣ್ಣಮಾವ ಕೆಮ್ಮುವುದು ಕೇಳಿಸುತ್ತಿತ್ತು.

"ಅಷ್ಟು ಮಂದಿ ಮುಂದ ಒಂದು ಸುಳ್ಳು ಹೇಳಾಕ ನೀ ಅಷ್ಟು ತ್ರಾಸು ತಗೊಂಡಿ ಯವ್ವಾ, ಕಣ್ಣೀರು ಬ್ಯಾರೆ ಹಾಕಿದಿ. ಒಂದು ಖರೇ ಹೇಳಾಕ ನನಗೇನು ಧಾಡಿ ಅಂತ ಎದ್ದೆ" ಅಂದರು. ಆಮೇಲೆ, ಆ ಕಳ್ಳ ಕಡೆಗೆ ಏನು ಮಾಡಿದ ಅಂತ ಖರೇ ಓದಿ ಹೇಳು ಎಂದು ಗೋಡೆಗೆ ಒರಗಿ ಕುಳಿತರು. ಚಿಲಕದಿಂದ ಕೈ ತೆಗೆದ ಜಾಗಕ್ಕೆ ಬಂದಾಗ, ಪಾಪ ಅಂದರು, ಅವನಿಗೆ ಓದಿ ಹೇಳಾವ್ರು ಯಾರೂ ಇರಲಿಲ್ಲ ಕಾಣತೈತಿ.